ನೆನೆದ ಮೇಲೆ ಏನು ಮಾಡಿದ?

ಬೈಬಲ್‌ನಲ್ಲಿ ಬರುವ, ಪ್ರಳಯದಿಂದ ನಾವೆಯಲ್ಲಿ ಪಾರಾದ ನೋಹನ ಕಥೆಯನ್ನು ಮಲೆನಾಡಿನ ಮಕ್ಕಳಿಗೆ ಹೇಳುವುದು ಸ್ವಲ್ಪ ಕಷ್ಟದ ಕೆಲಸ. 40 ಹಗಲು 40 ರಾತ್ರಿ ಬಿಡದೆ ಮಳೆ ಹೊಯ್ಯಿತು ಅಂತ ನಾನು ಕಣ್ಣು ಅರಳಿಸಿ ಹೇಳಿದರೆ, ಆಗುಂಬೆ ಕಡೆಯಿಂದ ಬಂದ ಹುಡುಗ ‘ಅಷ್ಟೇನಾ’ ಅನ್ನುವ ಹಾಗೆ ನೋಡುತ್ತಾನೆ. ಅವನ ಲೆಕ್ಕದಲ್ಲಿ ಅದು ಒಂದು ಆಷಾಢ, ಅಷ್ಟೇ. ಶಿವಮೊಗ್ಗದ ಚರ್ಚೊಂದರಲ್ಲಿ ಸಂಡೇ ಸ್ಕೂಲ್ ಪಾಠ ಮಾಡುವವಳು ನಾನು. ಮಳೆಯಿಂದ ಇವರನ್ನು ಹೆದರಿಸೋಕೆ ಆಗಲ್ಲ ಅನ್ನುವುದು ನನಗೆ ಗೊತ್ತಿರುವ ವಿಷಯವೇ.

ಪಾಠ ನಿಂತದ್ದು ಮಳೆ ನಿಂತ ಮೇಲೆ. ನೀರು 150 ದಿನ ಭೂಮಿಯ ಮೇಲೆ ಹಾಗೇ ನಿಂತಿತ್ತು, ಆಮೇಲೆ ದೇವರು ನೋಹನನ್ನು ನೆನೆಸಿಕೊಂಡ ಅಂತ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 8ನೇ ಅಧ್ಯಾಯ ಶುರುವಾಗುತ್ತದೆ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. ‘ಟೀಚರ್, ನೆನೆಸಿಕೊಂಡ ಅಂದ್ರೆ ಅಲ್ಲೀವರೆಗೂ ಮರೆತಿದ್ನಾ?’

ಒಳ್ಳೆ ಪ್ರಶ್ನೆ ಅಲ್ವಾ? ದೇವರೇ ನಾವೆ ಕಟ್ಟು ಅಂತ ಹೇಳಿ, ಜೋಡಿ ಜೋಡಿ ಪ್ರಾಣಿ ತುಂಬಿಸು ಅಂತ ಹೇಳಿ, ಬಾಗಿಲನ್ನೂ ತಾನೇ ಹಾಕಿ, ಆಮೇಲೆ ಐದು ತಿಂಗಳು ‘ಅಯ್ಯೋ, ಅವನೊಬ್ಬ ಅಲ್ಲಿದ್ದಾನಲ್ಲ’ ಅಂತ ಮರೆತು ಕೂರುವುದು ಅಂದರೆ ಏನರ್ಥ. ಮನುಷ್ಯರಾದರೆ ಸರಿ. ಗ್ಯಾಸ್ ಮೇಲೆ ಹಾಲಿಟ್ಟು ಮರೆಯುವವರು ನಾವು. ದೇವರ ಬಗ್ಗೆ ಹಾಗೆ ಬರೆದಿದ್ದಾರಲ್ಲ, ಯಾಕೆ? ಮುಂದಿನ ವಾರ ಹೇಳ್ತೀನಿ ಅಂದೆ. ಆ ವಾರದ ಓದು ನನ್ನನ್ನು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೀಬ್ರೂನಲ್ಲಿ ಅಲ್ಲಿರುವ ಪದ ಜಾಖರ್. ಜಯಿನ್, ಕಾಫ್, ರೇಶ್, ಮೂರೇ ಅಕ್ಷರ, ಬಲದಿಂದ ಎಡಕ್ಕೆ. ನಾನು ಪಂಡಿತೆ ಏನಲ್ಲ. ಫೋನಿನಲ್ಲಿ ಅಕ್ಷರ ಕಲಿತು, ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ತಡವರಿಸಿ ಓದುವವಳು. ಬೈಬಲ್‌ನ ಮೊದಲ ಭಾಗವಾದ ಹಳೆ ಒಡಂಬಡಿಕೆಯಲ್ಲಿ ಈ ಕ್ರಿಯಾಪದ 200ಕ್ಕೂ ಜಾಸ್ತಿ ಸಲ ಬರುತ್ತದೆ. ಅಷ್ಟು ಕಡೆ ಬರುವ ಪದಕ್ಕೆ ಪದಕೋಶದಲ್ಲಿ ಅರ್ಥ ಹುಡುಕುವುದಕ್ಕಿಂತ ಅದು ಬಂದ ಜಾಗಕ್ಕೇ ಹೋಗಿ ನೋಡುವುದು ಮೇಲು. ಹಾಗೆ ನೋಡುತ್ತಾ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ದೇವರು ನೆನೆಸಿಕೊಂಡ ಅಂತ ಬಂದ ಕಡೆಯೆಲ್ಲ ವಾಕ್ಯ ಅಲ್ಲಿಗೇ ನಿಲ್ಲುವುದು ತುಂಬಾ ಅಪರೂಪ. ಹಿಂದೆಯೇ ಇನ್ನೊಂದು ಕೆಲಸ ಬರುತ್ತದೆ.

ನೋಹನನ್ನು ನೆನೆಸಿಕೊಂಡ, ಭೂಮಿಯ ಮೇಲೆ ಗಾಳಿ ಬೀಸುವ ಹಾಗೆ ಮಾಡಿದ, ನೀರು ಇಳಿಯಿತು. ಒಂದೇ ಉಸಿರಿನ ವಾಕ್ಯ ಅದು. ಅಂದಹಾಗೆ ನೋಹ ಒಬ್ಬನನ್ನೇ ಅಲ್ಲ, ನಾವೆಯಲ್ಲಿದ್ದ ಕಾಡುಮೃಗ, ದನಕರುಗಳನ್ನೂ ನೆನೆಸಿಕೊಂಡ ಅಂತಿದೆ. ನನಗೆ ಈ ದನಕರು ತುಂಬಾ ಇಷ್ಟ. ಮಕ್ಕಳಿಲ್ಲದೆ ಕೊರಗುತ್ತಿದ್ದ ರಾಹೇಲಳನ್ನು ನೆನೆಸಿಕೊಂಡ, ಅವಳ ಮೊರೆ ಕೇಳಿದ, ಗರ್ಭ ತೆರೆದ. ಈಜಿಪ್ಟಿನಲ್ಲಿ ಇಟ್ಟಿಗೆ ಹೊತ್ತು ಸಾಯುತ್ತಿದ್ದ ಇಸ್ರಾಯೇಲರ ವಿಷಯಕ್ಕೆ ಬಂದರೆ, ವಿಮೋಚನಕಾಂಡ 2ನೇ ಅಧ್ಯಾಯದ ಕೊನೆಯಲ್ಲಿ ನಾಲ್ಕು ಕ್ರಿಯಾಪದ ಸಾಲಾಗಿ ನಿಂತಿವೆ: ಕೇಳಿದ, ನೆನೆಸಿಕೊಂಡ, ನೋಡಿದ, ತಿಳಿದುಕೊಂಡ. ಪುಟ ತಿರುಗಿಸಿದರೆ ಉರಿಯುವ ಪೊದೆ, ಮೋಶೆ, ‘ಹೋಗು, ನನ್ನ ಜನರನ್ನು ಬಿಡಿಸಿಕೊಂಡು ಬಾ’.

ಹನ್ನಳದ್ದು ಇನ್ನೂ ಚೆನ್ನಾಗಿದೆ. ಮಕ್ಕಳಿಲ್ಲದ ಹೆಂಗಸು. ಶೀಲೋವಿನ ಗುಡಿಗೆ ಹೋಗಿ ಅತ್ತು ಅತ್ತು ಬೇಡಿಕೊಳ್ಳುತ್ತಾಳೆ. ತುಟಿ ಆಡುತ್ತಿದೆ, ದನಿ ಬರುತ್ತಿಲ್ಲ. ಬಾಗಿಲ ಹತ್ತಿರ ಕೂತಿದ್ದ ಯಾಜಕ ಏಲಿ ಅವಳು ಕುಡಿದು ಬಂದಿದ್ದಾಳೆ ಅಂದುಕೊಂಡು ಬೈಯುತ್ತಾನೆ. ದೇವಸ್ಥಾನಕ್ಕೂ ಚರ್ಚಿಗೂ ಹೋಗಿ ಅತ್ತ ಹೆಂಗಸರಿಗೆ ಈ ತರಹದ ಏಲಿಗಳು ಎಲ್ಲ ಕಾಲದಲ್ಲೂ ಸಿಗುತ್ತಾರೆ ಬಿಡಿ. ಅವಳು ಬೇಡಿದ್ದು ‘ನನ್ನನ್ನು ನೆನೆಸಿಕೋ, ಮರೆಯಬೇಡ, ಮಗ ಬೇಕು’. ಸುಮ್ನೆ ಮನಸ್ಸಿನಲ್ಲಿಟ್ಟುಕೊಂಡಿರು ಅಂತ ಕೇಳಿದ್ದಲ್ಲ, ನೇರವಾಗಿ ಮಗನನ್ನೇ ಕೇಳಿದಳು. ಆಮೇಲೆ ದೇವರು ನೆನೆಸಿಕೊಂಡ, ಸಮುವೇಲ ಹುಟ್ಟಿದ. ಯೆಹೂದ್ಯರು ತಮ್ಮ ಹೊಸ ವರ್ಷದ ಮೊದಲನೇ ದಿನ ಇದೇ ಹನ್ನಳ ಕಥೆ ಓದುತ್ತಾರೆ. ಅವರ ಪ್ರಾರ್ಥನೆಗಳಲ್ಲಿ ಆ ಹಬ್ಬಕ್ಕೆ ನೆನಪಿನ ದಿನ ಅನ್ನುವ ಹೆಸರೂ ಇದೆ.

ಹಾಗಾಗಿ ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟು: ಮರೆತಿರಲಿಲ್ಲ ಪುಟ್ಟಿ. ನೆನೆಸಿಕೊಂಡ ಅಂದರೆ ಎದ್ದು ಕೆಲಸಕ್ಕೆ ಇಳಿದ ಅಂತ. ಅವಳಿಗೆ ಇದು ಬೇಗ ತಲೆಗೆ ಹೋಯಿತು. ನಮ್ಮಲ್ಲಿ ಬಿಕ್ಕಳಿಕೆ ಬಂದ ಕೂಡಲೇ ‘ಯಾರೋ ನೆನೆಸ್ಕೊಳ್ತಿದ್ದಾರೆ, ನೀರು ಕುಡಿ’ ಅಂತಾರಲ್ಲ, ಅದನ್ನು ಹೇಳಿದೆ. ಎಲ್ಲೋ ತೀರ್ಥಹಳ್ಳಿಯಲ್ಲಿ ಅಜ್ಜಿ ನೆನೆಸಿಕೊಂಡರೆ ಶಿವಮೊಗ್ಗದಲ್ಲಿ ಮೊಮ್ಮಗನ ಎದೆ ಅಲುಗಾಡುತ್ತದೆ. ನೆನಪು ನೆನೆಸಿಕೊಳ್ಳುವವರ ತಲೆಯೊಳಗೇ ಕೂತಿರಲ್ಲ, ಇನ್ನೊಬ್ಬರ ಮೈಗೆ ಹೋಗಿ ಏನೋ ಮಾಡುತ್ತದೆ ಅನ್ನುವ ನಂಬಿಕೆ ನಮಗೂ ಹೊಸದಲ್ಲ. ಕ್ಲಾಸ್ ಮುಗಿಯುವವರೆಗೂ ಹುಡುಗರು ಸುಳ್ಳುಸುಳ್ಳೇ ಬಿಕ್ಕಳಿಸುತ್ತಿದ್ದರು. ಅದು ಬೇರೆ ಕಥೆ.

ನನಗೆ ತಲೆಗೆ ಹತ್ತಿದ್ದು ಯೋಸೇಫನ ಭಾಗ. ಅದು ಆದಿಕಾಂಡ 40 ಮತ್ತು 41ನೇ ಅಧ್ಯಾಯದಲ್ಲಿದೆ.

ಯೋಸೇಫ ಮಾಡದ ತಪ್ಪಿಗೆ ಜೈಲಿನಲ್ಲಿದ್ದಾನೆ. ಅದೇ ಜೈಲಿಗೆ ಈಜಿಪ್ಟಿನ ರಾಜ ಫರೋಹನ ಪಾನದಾಯಕರ ಮುಖ್ಯಸ್ಥ ಬಂದು ಬೀಳುತ್ತಾನೆ. ಅಂದರೆ ರಾಜನ ಕೈಗೆ ದ್ರಾಕ್ಷಾರಸದ ಬಟ್ಟಲು ಕೊಡುವ ದೊಡ್ಡ ಮನುಷ್ಯ, ರಾಜನ ಕಿವಿಗೆ ಅಷ್ಟು ಹತ್ತಿರದವನು. ಅವನಿಗೊಂದು ಕನಸು ಬೀಳುತ್ತದೆ. ಯೋಸೇಫ ಅದರ ಅರ್ಥ ಬಿಡಿಸಿ, ಇನ್ನು ಮೂರು ದಿನಕ್ಕೆ ನಿನ್ನ ಕೆಲಸ ನಿನಗೆ ವಾಪಸ್ ಸಿಗುತ್ತದೆ ಅನ್ನುತ್ತಾನೆ. ಫೀಸು ಏನೂ ಕೇಳಲ್ಲ. ಒಂದೇ ಒಂದು ಬೇಡಿಕೆ. ನಿನಗೆ ಒಳ್ಳೆಯದಾದಾಗ ನನ್ನನ್ನು ನೆನೆಸಿಕೋ, ಫರೋಹನ ಹತ್ತಿರ ನನ್ನ ವಿಷಯ ಎತ್ತು, ನನ್ನನ್ನು ಇಲ್ಲಿಂದ ಬಿಡಿಸು. ಈ ‘ನೆನೆಸಿಕೋ’ ಮತ್ತು ‘ವಿಷಯ ಎತ್ತು’ ಎರಡೂ ಅದೇ ಮೂರು ಅಕ್ಷರದ ಬೇರಿನವು. ಇಬ್ಬರ ನಡುವಿನ ಮಾತು ರಾಜನ ಮುಂದೆ ಬಾಯಿಬಿಟ್ಟು ಹೇಳಿದಾಗಲೇ ಪೂರ್ತಿ ಆಗುತ್ತದೆ. (ಶಿವಮೊಗ್ಗದಲ್ಲಿ ನಮ್ಮ ಅಕ್ಕಪಕ್ಕದ ಮುಸ್ಲಿಂ ಮನೆಗಳಲ್ಲಿ ಕೇಳುವ ಜಿಕ್ರ್ ಅನ್ನುವ ಅರೇಬಿಕ್ ಪದ ಈ ಜಾಖರ್‌ನ ದಾಯಾದಿ. ದೇವರ ನಾಮ ಜಪಿಸುವುದೂ ಜಿಕ್ರ್, ಯಾರದೋ ಮಾತು ಎತ್ತುವುದೂ ಜಿಕ್ರ್. ಹಾಗೇ ಜಕರಿಯಾ ಅನ್ನುವ ಹೆಸರು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಅದರ ಅರ್ಥ ದೇವರು ನೆನೆಸಿಕೊಂಡ ಅಂತಲೇ.)

ಮೂರನೇ ದಿನ ಫರೋಹನ ಹುಟ್ಟುಹಬ್ಬ. ದೊಡ್ಡ ಊಟ. ಪಾನದಾಯಕನಿಗೆ ಕೆಲಸ ಸಿಕ್ಕಿತು. ಅಧ್ಯಾಯದ ಕೊನೆಯ ವಾಕ್ಯ ಹೀಗಿದೆ: ಅವನು ಯೋಸೇಫನನ್ನು ನೆನೆಸಿಕೊಳ್ಳಲಿಲ್ಲ, ಮರೆತುಬಿಟ್ಟ. ಎರಡು ಸಲ ಯಾಕೆ ಹೇಳಬೇಕು? ಒತ್ತಿ ಹೇಳಲು ಅಂತ ತುಂಬಾ ಜನ ಹೇಳುತ್ತಾರೆ, ಇರಬಹುದು. ನನಗೆ ಮಾತ್ರ ಅದು ಎರಡು ಬೇರೆ ಬೇರೆ ದಿನಗಳ ಹಾಗೆ ಕಾಣುತ್ತದೆ. ಮೊದಲ ದಿನ ಯೋಸೇಫ ತಲೆಯಲ್ಲಿದ್ದ. ಆದರೆ ರಾಜನ ಮೂಡು ನೋಡಿಕೊಂಡು ಹೇಳೋಣ, ಇವತ್ತು ಬೇಡ, ಈಗ ತಾನೇ ಕೆಲಸ ಸಿಕ್ಕಿದೆ, ಜೈಲಿನ ಮಾತು ಯಾಕೆ ಎತ್ತಬೇಕು. ಅದು ನೆನೆಸಿಕೊಳ್ಳದೆ ಇದ್ದದ್ದು. ಹಾಗೆ ದಿನ ತಳ್ಳುತ್ತಾ ತಳ್ಳುತ್ತಾ ಒಂದಿನ ನಿಜವಾಗಿಯೂ ಮರೆತುಹೋಯಿತು. ಎಲೆಕ್ಷನ್ ಗೆದ್ದವರನ್ನು ನೋಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೂರ್ತಿ ಎರಡು ವರ್ಷ ಹಾಗೇ ಹೋಗುತ್ತದೆ. ಫರೋಹನಿಗೆ ಕನಸು ಬಿದ್ದು, ಊರಿನ ಪಂಡಿತರೆಲ್ಲ ಕೈಚೆಲ್ಲಿದ ಮೇಲೆ ಈ ಮನುಷ್ಯ ಬಾಯಿ ಬಿಡುತ್ತಾನೆ. ಬಿಟ್ಟ ಮಾತಾದರೂ ನೋಡಿ: ಇವತ್ತು ನನ್ನ ತಪ್ಪುಗಳನ್ನು ನೆನಪು ಮಾಡಿಕೊಡುತ್ತೇನೆ ಅಂತ ಶುರು ಮಾಡುತ್ತಾನೆ. ಮತ್ತೆ ಅದೇ ಬೇರಿನ ಪದ. ಯೋಸೇಫನ ಹೆಸರೂ ಅವನ ಬಾಯಲ್ಲಿ ಬರಲ್ಲ. ಅಲ್ಲೊಬ್ಬ ಹೀಬ್ರೂ ಹುಡುಗ ಇದ್ದ, ಕಾವಲಿನ ಅಧಿಕಾರಿಯ ಆಳು, ಅಷ್ಟೇ. ತನಗೆ ಲಾಭ ಇರುವ ದಿನ ನೆನಪು ಬಂತು, ಅದೂ ಅರ್ಧಂಬರ್ಧ. ಹೀಗಿದ್ದರೂ ಆ ಅರ್ಧಂಬರ್ಧ ಮಾತಿಗೇ ಜೈಲಿನ ಬಾಗಿಲು ತೆರೆಯಿತು. ಮನಸ್ಸು ಶುದ್ಧ ಇತ್ತಾ ಇಲ್ವಾ ಅಂತ ಕಥೆ ಕೇಳುವುದಕ್ಕೇ ಹೋಗಲ್ಲ.

ಈ ಬೇರಿನಿಂದಲೇ ಮಜ್ಕೀರ್ ಅನ್ನುವ ಒಂದು ಹುದ್ದೆಯ ಹೆಸರೂ ಬಂದಿದೆ. ದಾವೀದನ ಆಸ್ಥಾನದಲ್ಲಿ ಅಂಥ ಅಧಿಕಾರಿ ಇದ್ದ, ರಾಜನಿಗೆ ಏನೇನು ಬಾಕಿ ಇದೆ ಅಂತ ನೆನಪಿಸುವವನು. ಇವತ್ತಿನ ಇಸ್ರೇಲಿನಲ್ಲಿ ಮಜ್ಕೀರ್ ಅಂದರೆ ಸೆಕ್ರೆಟರಿ. ಫೈಲು ನೋಡಿಕೊಳ್ಳುವವರು ಅನ್ನಿ.

ಫೈಲು ಅಂದ ತಕ್ಷಣ ಎಸ್ತೇರಳ ಪುಸ್ತಕ ನೆನಪಾಗುತ್ತದೆ. ಪರ್ಷಿಯಾದ ಅರಸ ಅಹಷ್ವೇರೋಷನಿಗೆ ಒಂದು ರಾತ್ರಿ ನಿದ್ದೆ ಬರಲ್ಲ. ಆಸ್ಥಾನದ ನೆನಪುಗಳ ಪುಸ್ತಕ ತಂದು ಓದಿ ಅನ್ನುತ್ತಾನೆ. (ನಿದ್ದೆ ಬರಿಸುವುದಕ್ಕೆ ಸರ್ಕಾರಿ ದಾಖಲೆಗಿಂತ ಒಳ್ಳೆಯದು ಏನಿದೆ.) ಓದುತ್ತಾ ಹೋದಾಗ ಒಂದು ಹಳೇ ನಮೂದು ಸಿಗುತ್ತದೆ. ಅರಸನನ್ನು ಕೊಲ್ಲಲು ಇಬ್ಬರು ಬಾಗಿಲು ಕಾಯುವವರು ಹೂಡಿದ್ದ ಸಂಚನ್ನು ಮೊರ್ದೆಕೈ ಅನ್ನುವ ಯೆಹೂದ್ಯ ಬಯಲು ಮಾಡಿದ್ದ. ಅರಸ ಕೇಳುತ್ತಾನೆ: ಇದಕ್ಕಾಗಿ ಅವನಿಗೆ ಏನು ಮರ್ಯಾದೆ ಮಾಡಿದ್ದೀವಿ? ಸೇವಕರು ಹೇಳುತ್ತಾರೆ: ಏನೂ ಮಾಡಿಲ್ಲ.

ಪುಸ್ತಕದಲ್ಲಿ ಎಲ್ಲ ಇತ್ತು. ಹೆಸರು, ಸಂಗತಿ, ಒಂದೂ ತಪ್ಪಿಲ್ಲ. ಹೆಸರೇ ನೆನಪುಗಳ ಪುಸ್ತಕ. ಆದರೂ ಜಾಖರ್ ನಡೆದಿರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ ಕಣ್ಣ ಮುಂದೆ ಬಂದರು. ಅವರು ಮುಳುಗಡೆಯವರು. ಈ ಪದ ಮಲೆನಾಡಿನ ಹೊರಗಿನವರಿಗೆ ಗೊತ್ತಿರುತ್ತೋ ಇಲ್ಲವೋ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ಹಿನ್ನೀರಿನಲ್ಲಿ ಊರು, ಗದ್ದೆ, ತೋಟ, ದೇವಸ್ಥಾನ ಎಲ್ಲ ಹೋದವರು ಲಾರಿಗೆ ಪಾತ್ರೆ ಪಗಡ ಹೇರಿಕೊಂಡು ಬಂದು ಕಾಡಿನ ಮಧ್ಯೆ ಇಳಿದರು. ನೀರು ತೀರಾ ಇಳಿದ ವರ್ಷ ಹಳೆಯ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುತ್ತದೆ, ಜನ ಹೋಗಿ ಫೋಟೋ ತೆಗೆದುಕೊಂಡು ಬರುತ್ತಾರೆ. ಅಜ್ಜ ಮಾತ್ರ ಹೋಗಲ್ಲ. ‘ನೋಡಕ್ಕೆ ಏನಿದೆ ಅಲ್ಲಿ’ ಅಂತಾರೆ.

ಅವರ ಹತ್ತಿರ ಒಂದು ಪ್ಲಾಸ್ಟಿಕ್ ಕವರ್ ಇದೆ. ಬಟ್ಟೆ ಅಂಗಡಿಯದ್ದು, ಹಿಡಿಕೆ ಹರಿದು ಗಂಟು ಹಾಕಿದ್ದು. ಅದರೊಳಗೆ ಕಾಗದಗಳು. ಅಪ್ಪನ ಕಾಲದ ಕೈಬರಹದ ಪಹಣಿ, ಅರ್ಜಿಯ ಜೆರಾಕ್ಸ್, ಅದಕ್ಕೆ ಬಂದ ಹಿಂಬರಹ, ಹಿಂಬರಹದ ಮೇಲೆ ಕೊಟ್ಟ ಅರ್ಜಿ. ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸಿಹೋಗಿದೆ, ಅಲ್ಲಿ ಸೆಲ್ಲೋಟೇಪ್ ಹಚ್ಚಿದ್ದಾರೆ, ಟೇಪ್ ಹಳದಿಯಾಗಿ ಅದರ ಕೆಳಗೆ ಇನ್ನೂ ಕಾಣಲ್ಲ. ಯಾರಾದರೂ ಕೇಳಿದರೆ ಒಂದೊಂದೇ ತೆಗೆದು ಮಂಚದ ಮೇಲೆ ಜೋಡಿಸುತ್ತಾರೆ, ತಾರೀಕಿನ ಪ್ರಕಾರ. ಮುಳುಗಡೆಯವರ ಎಷ್ಟೋ ಕುಟುಂಬಗಳು ಉಳುವ ಭೂಮಿಯ ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡುತ್ತಲೇ ಇವೆ. ನಾಡಿಗೆ ಬೆಳಕು ಕೊಟ್ಟ ತ್ಯಾಗಿಗಳು ಅಂತ ಭಾಷಣದಲ್ಲಿ ಎಲ್ಲರೂ ನೆನೆಸಿಕೊಳ್ಳುತ್ತಾರೆ. ಭಾಷಣ ಮಾಡುವ ಸಾಹೇಬರನ್ನು ಆ ಅರಸ ಕೇಳಿದ ಹಾಗೇ ಕೇಳಬೇಕು ಅನ್ನಿಸುತ್ತದೆ: ಏನು ಮಾಡಿದ್ದೀವಿ? ಉತ್ತರ ಎಸ್ತೇರಳ ಪುಸ್ತಕದಲ್ಲಿ ಇರುವುದೇ.

ಕಳೆದುಕೊಂಡ ಊರಿನ ವಿಷಯ ಬಂದಾಗ 137ನೇ ಕೀರ್ತನೆಯನ್ನು ಬಿಟ್ಟು ಹೋಗೋಕಾಗಲ್ಲ. ಬಾಬಿಲೋನಿನ ಹೊಳೆಗಳ ದಡದಲ್ಲಿ ಸೆರೆಯಾಳುಗಳು ಕೂತು ಅಳುತ್ತಾರೆ. ಯೆರೂಸಲೇಮೇ, ನಿನ್ನನ್ನು ಮರೆತರೆ ನನ್ನ ಬಲಗೈ ಕೆಲಸ ಮರೆಯಲಿ, ನಿನ್ನನ್ನು ನೆನೆಸಿಕೊಳ್ಳದಿದ್ದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳಲಿ ಅಂತ ಶಪಥ. ಕಿನ್ನರಿ ನುಡಿಸುವ ಕೈ, ಹಾಡುವ ನಾಲಿಗೆ. ಅವರು ಪಣಕ್ಕಿಟ್ಟಿದ್ದು ಕೆಲಸದ ಅಂಗಗಳನ್ನು.

ಹಬ್ಬಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇದು ತುಂಬಾ ಜನರಿಗೆ ಗೊತ್ತು. ಹತ್ತು ಆಜ್ಞೆಗಳು ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಸಬ್ಬತ್ ದಿನವನ್ನು (ವಾರದ ವಿಶ್ರಾಂತಿಯ ದಿನ) ನೆನೆಸಿಕೋ ಅಂತ, ಧರ್ಮೋಪದೇಶಕಾಂಡದಲ್ಲಿ ಸಬ್ಬತ್ ದಿನವನ್ನು ಆಚರಿಸು ಅಂತ. ಶುಕ್ರವಾರ ಸಂಜೆ ಯೆಹೂದ್ಯರ ಮನೆಗಳಲ್ಲಿ ಎರಡು ದೀಪ ಹಚ್ಚುವುದು ಈ ಎರಡು ಮಾತಿಗೆ ಒಂದೊಂದು ಅಂತ ಹೇಳುವ ರೂಢಿ ಇದೆ. ಈಜಿಪ್ಟಿನಿಂದ ಬಿಡುಗಡೆಯಾದದ್ದನ್ನು ಆಚರಿಸುವ ಪಸ್ಕ ಹಬ್ಬವನ್ನು ಜಿಕ್ಕಾರೋನ್ ಅಂತ ಕರೆದಿದೆ, ಅಂದರೆ ನೆನಪಿನ ಗುರುತು. ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪು ತಿನ್ನಲೇಬೇಕು. ಪ್ರತಿ ತಲೆಮಾರಿನವನೂ ತಾನೇ ಈಜಿಪ್ಟಿನಿಂದ ಹೊರಟು ಬಂದವನು ಅಂತ ತಿಳಿದುಕೊಳ್ಳಬೇಕು ಅಂತ ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಸಂಗ್ರಹ ಮಿಶ್ನಾದಲ್ಲಿದೆ. ಕಹಿ ಸೊಪ್ಪು ಬಾಯಲ್ಲಿರುವಾಗ ಅದು ಹಳೇ ಕಾಲದ ಕಥೆ ಅನ್ನಿಸುವುದು ಕಷ್ಟ ತಾನೇ. ಯೇಸು ತನ್ನ ಕೊನೆಯ ಊಟದಲ್ಲಿ ರೊಟ್ಟಿ ಮುರಿದು ನನ್ನ ನೆನಪಿಗಾಗಿ ಇದನ್ನು ಮಾಡಿ ಅಂದದ್ದೂ ಪಸ್ಕದ ಊಟದಲ್ಲೇ ಅಂತ ಯೇಸುವಿನ ಕಥೆ ಬರೆದವರಲ್ಲಿ ಒಬ್ಬನಾದ ಲೂಕ ಬರೆಯುತ್ತಾನೆ. ನಮ್ಮ ಚರ್ಚಿನ ಮೇಜಿನ ಮುಂಭಾಗದಲ್ಲಿ ಈ ಮಾತನ್ನು ಕೆತ್ತಿಸಿದ್ದಾರೆ. ವಾರ್ನಿಷ್ ಹೊಡೆದೂ ಹೊಡೆದೂ ‘ನೆನಪಿಗಾಗಿ’ ಅನ್ನುವಲ್ಲಿ ಅಕ್ಷರದ ಗುಳಿ ತುಂಬಿಹೋಗಿದೆ. ‘ಮಾಡಿ’ ಇನ್ನೂ ಸ್ಪಷ್ಟವಾಗಿದೆ!

ಕಲ್ಲುಗಳ ವಿಷಯಕ್ಕೆ ಬರೋಣ. ಯೆಹೋಶುವ 4ನೇ ಅಧ್ಯಾಯ. ಇಸ್ರಾಯೇಲರು ಯೊರ್ದನ್ ಹೊಳೆ ದಾಟುವಾಗ ಕುಲಕ್ಕೊಬ್ಬನಂತೆ 12 ಜನ ಹೊಳೆಯ ನಡುವಿನಿಂದ ಒಂದೊಂದು ಕಲ್ಲನ್ನು ಹೆಗಲ ಮೇಲೆ ಹೊತ್ತು ತಂದು ಗಿಲ್ಗಾಲ್‌ನಲ್ಲಿ ನಿಲ್ಲಿಸುತ್ತಾರೆ. ಕಾರಣ ಹೇಳಿದ್ದಾರೆ. ಮುಂದೆ ನಿಮ್ಮ ಮಕ್ಕಳು ‘ಈ ಕಲ್ಲುಗಳು ಯಾಕೆ’ ಅಂತ ಕೇಳುತ್ತಾರೆ, ಆಗ ಹೇಳಿ. ಅಂದರೆ ಕಲ್ಲಿನ ಮೇಲೆ ಏನೂ ಬರೆದಿಲ್ಲ. ಕಲ್ಲಿನ ಕೆಲಸ ಮಗುವಿನ ಬಾಯಿ ತೆರೆಸುವುದು, ಉಳಿದದ್ದು ಅಪ್ಪ ಅಮ್ಮನ ಪಾಲು.

ಶಿವಮೊಗ್ಗದಲ್ಲಿ ಕಲ್ಲು ನೋಡಬೇಕಾದರೆ ಶಿವಪ್ಪನಾಯಕನ ಅರಮನೆಗೆ ಹೋಗಬೇಕು. ಈಗ ಮ್ಯೂಸಿಯಂ. ಹೊರಗೆ ಹುಲ್ಲಿನ ಮೇಲೆ ಸುತ್ತಮುತ್ತ ಊರುಗಳಿಂದ ತಂದ ವೀರಗಲ್ಲುಗಳನ್ನು ನಿಲ್ಲಿಸಿದ್ದಾರೆ. ವೀರಗಲ್ಲು ನೋಡಿದವರಿಗೆ ಗೊತ್ತು, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಜಗಳ: ಬಿಲ್ಲು, ಕತ್ತಿ, ಬಿದ್ದವರು, ಎಷ್ಟೋ ಕಡೆ ಮೂಲೆಯಲ್ಲಿ ದನಗಳು. ತುರುಗೋಳು ಅನ್ನುತ್ತಿದ್ದರು, ಊರ ದನ ಹೊಡೆದುಕೊಂಡು ಹೋಗುವವರ ಜೊತೆ ಕಾದಾಡಿ ಸತ್ತವನ ಕಲ್ಲು ಅದು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವೆರಡೂ ಇರುವವರೆಗೆ ಅಂತ. ಮಳೆಗೆ ಪಾಚಿ ಹಿಡಿದು ಮುಖ ಸವೆದುಹೋದರೂ ದನದ ಕೊಂಬು ಮಾತ್ರ ಬೆರಳಿಗೆ ಸಿಗುತ್ತದೆ.

ನನಗೆ ಕಲ್ಲಿಗಿಂತ ಅದರ ಜೊತೆ ನಡೆಯುತ್ತಿದ್ದ ಇನ್ನೊಂದು ವ್ಯವಹಾರ ದೊಡ್ಡದು ಅನ್ನಿಸುತ್ತದೆ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಅಂತ ಶಾಸನಗಳಲ್ಲಿ ಬರುತ್ತದೆ, ನೆತ್ತರಿಗೆ ಕೊಟ್ಟ ಕೊಡುಗೆ. ಗಂಡ ಸತ್ತ, ಕಲ್ಲು ನಿಂತಿತು, ಹೆಂಡತಿ ಮಕ್ಕಳಿಗೆ ಗದ್ದೆ ಸಿಕ್ಕಿತು. ಕಲ್ಲನ್ನು ಮಾತ್ರ ನಿಲ್ಲಿಸಿ ಗದ್ದೆ ಕೊಡದೇ ಹೋಗಿದ್ದರೆ ಅದೂ ಒಂದು ಭಾಷಣ ಆಗುತ್ತಿತ್ತು. ಆದಿಕಾಂಡ 19ರಲ್ಲಿ ಇಂಥದ್ದೇ ಒಂದು ಮಾತಿದೆ. ಸೊದೋಮ್ ಪಟ್ಟಣ ಉರಿದುಹೋಗುವಾಗ ದೇವರು ಅಬ್ರಹಾಮನನ್ನು ನೆನೆಸಿಕೊಂಡ, ಲೋಟನನ್ನು ಹೊರಗೆ ಕಳಿಸಿದ. ನೆನೆಸಿಕೊಂಡದ್ದು ಒಬ್ಬನನ್ನು, ಬದುಕಿದ್ದು ಅವನ ತಮ್ಮನ ಮಗ. ಲೋಟ ಅಂಥಾ ದೊಡ್ಡ ಒಳ್ಳೆಯವನೇನೂ ಅಲ್ಲ. ಆದರೂ ಚಿಕ್ಕಪ್ಪ ದೊಡ್ಡಪ್ಪಂದಿರ ಹೆಸರಿನಲ್ಲಿ ಪಾರಾದವರು ನಮ್ಮಲ್ಲೂ ಎಷ್ಟು ಜನ ಇಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ಕಷ್ಟ ಶುರುವಾಗುವುದು ಧರ್ಮೋಪದೇಶಕಾಂಡ 25ರ ಕೊನೆಯಲ್ಲಿ. ಈಜಿಪ್ಟಿನಿಂದ ಬರುವ ದಾರಿಯಲ್ಲಿ ಅಮಾಲೇಕ್ಯರು ಅನ್ನುವ ಜನ ಹಿಂದೆ ಬಿದ್ದ ಸುಸ್ತಾದವರ ಮೇಲೆ ದಾಳಿ ಮಾಡಿದ್ದರು. ಅದನ್ನು ನೆನೆಸಿಕೋ, ಅಮಾಲೇಕನ ನೆನಪನ್ನೇ ಆಕಾಶದ ಕೆಳಗಿನಿಂದ ಅಳಿಸಿಹಾಕು, ಮರೆಯಬೇಡ ಅಂತ ಆಜ್ಞೆ. ಎಸ್ತೇರಳ ಕಥೆಯ ಹಬ್ಬವಾದ ಪೂರಿಮ್‌ನ ಹಿಂದಿನ ಸಬ್ಬತ್‌ನಲ್ಲಿ ಇದನ್ನು ಓದಲೇಬೇಕು, ಆ ಸಬ್ಬತ್ತಿಗೆ ಹೆಸರೇ ಜಾಖೋರ್. ನೆನಪು ಅಂದರೆ ಕೆಲಸ ಅಂತ ಒಪ್ಪಿಕೊಂಡ ಮೇಲೆ, ಆ ಕೆಲಸ ಗಾಳಿ ಬೀಸುವುದೇ ಆಗಬೇಕು ಅಂತೇನಿಲ್ಲ, ಕತ್ತಿ ಬೀಸುವುದೂ ಆಗಬಹುದು. ಈ ಭಾಗವನ್ನು ನಾನು ಮಕ್ಕಳಿಗೆ ಹೇಳಿಲ್ಲ. ದೊಡ್ಡವರಾದ ಮೇಲೆ ಓದಿಕೊಳ್ಳಲಿ. ಹಳೇ ಗಾಯ ಕೆದಕಿ ಜನರನ್ನು ಬೀದಿಗೆ ಇಳಿಸುವುದು ಹೇಗೆ ಅಂತ ನಮ್ಮ ಊರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಅದಕ್ಕೇ ಇರಬೇಕು, ಇದೇ ಪುಸ್ತಕಗಳಲ್ಲಿ ನೆನೆಸಿಕೊಳ್ಳಬೇಡ ಅನ್ನುವ ಪ್ರಾರ್ಥನೆಯೂ ಇದೆ. 25ನೇ ಕೀರ್ತನೆಯಲ್ಲಿ ದಾವೀದ ಒಂದೇ ವಚನದಲ್ಲಿ ಎರಡೂ ಕೇಳುತ್ತಾನೆ. ನನ್ನ ಪ್ರಾಯದ ಪಾಪಗಳನ್ನು ನೆನೆಸಿಕೊಳ್ಳಬೇಡ, ನಿನ್ನ ಪ್ರೀತಿಗೆ ತಕ್ಕ ಹಾಗೆ ನನ್ನನ್ನು ನೆನೆಸಿಕೋ. ಜಾಣ. ಯೆರೆಮೀಯ 31ರಲ್ಲಿ ದೇವರೇ ಹೇಳುತ್ತಾನೆ, ಅವರ ಪಾಪವನ್ನು ಇನ್ನು ನೆನೆಸಿಕೊಳ್ಳಲ್ಲ ಅಂತ. ಎಲ್ಲ ಬಲ್ಲವನಿಗೆ ಮರೆವು ಹೇಗೆ ಬರುತ್ತದೆ ಅಂತ ನಮ್ಮ ಬೈಬಲ್ ಸ್ಟಡಿಯಲ್ಲಿ ಒಬ್ಬರು ವರ್ಷಗಟ್ಟಲೆ ಜಗಳ ಮಾಡಿದ್ದಾರೆ. ಮರೆವು ಬರಬೇಕಾಗಿಲ್ಲ ಅನ್ನುತ್ತೇನೆ ನಾನು. ಗೊತ್ತಿದ್ದೂ ಅದರ ಮೇಲೆ ಕೈ ಎತ್ತದೇ ಇರುವುದು ಅಷ್ಟೇ. ನೋಹನ ವಿಷಯದಲ್ಲಿ ನೆನಪು ಗಾಳಿಯಾಗಿದ್ದರೆ, ಇಲ್ಲಿ ನೆನೆಸಿಕೊಳ್ಳದೇ ಇರುವುದು ಅಂದರೆ ಗಾಳಿ ಬೀಸದೇ ಇರುವುದು. ಅಡಿಕೆ ತೋಟ ಪಾಲಾದ ಮನೆಗಳಲ್ಲಿ ಇದು ಎಷ್ಟು ಕಷ್ಟ ಅಂತ ನೋಡಿದ್ದೀರಲ್ಲ. ಅಣ್ಣತಮ್ಮಂದಿರಿಗೆ ಹಳೇ ಲೆಕ್ಕ ಎಲ್ಲ ಬಾಯಿಪಾಠ. ಯಾವ ವರ್ಷದ ಕೊಯ್ಲಿನಲ್ಲಿ ಯಾರು ಎಷ್ಟು ಮೂಟೆ ಜಾಸ್ತಿ ಇಟ್ಟುಕೊಂಡರು ಅಂತ ತಾರೀಕು ಸಮೇತ ಗೊತ್ತು. ಮದುವೆ ಮನೆಯಲ್ಲಿ ಎದುರಿಗೆ ಸಿಕ್ಕಾಗ ಅದನ್ನು ತೆಗೆಯದೆ ‘ಊಟ ಆಯ್ತಾ’ ಅಂತ ಕೇಳುವ ಅಣ್ಣ, ಲೆಕ್ಕ ಮರೆತವನಲ್ಲ.

ಕೊನೆಗೆ ಒಂದು ಜಾಗ ಉಳಿಯಿತು. ಇದು ಹೀಬ್ರೂ ಪುಸ್ತಕವಲ್ಲ, ಲೂಕ ಬರೆದದ್ದು ಗ್ರೀಕಿನಲ್ಲಿ. ಆದರೆ ಬೇಡಿಕೆ ಯೋಸೇಫನದ್ದೇ. ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಿಸಿಕೊಂಡ ಅಪರಾಧಿಯೊಬ್ಬ ಕೇಳುತ್ತಾನೆ: ನೀನು ನಿನ್ನ ರಾಜ್ಯಕ್ಕೆ ಬರುವಾಗ ನನ್ನನ್ನು ನೆನೆಸಿಕೋ. ಯೋಸೇಫನಿಗಾದರೆ ಕೇಳುವ ಹಕ್ಕಿತ್ತು, ಅವನು ನಿರಪರಾಧಿ, ಮೇಲಾಗಿ ಉಪಕಾರ ಮಾಡಿದವನು. ಇವನು ಯಾವ ಉಪಕಾರವನ್ನೂ ಮಾಡಿಲ್ಲ, ನನಗೆ ಬಂದ ಶಿಕ್ಷೆ ನ್ಯಾಯವೇ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಕೇಳಿದ್ದೂ ಯಾವತ್ತೋ ಮುಂದಿನ ಒಂದು ದಿನಕ್ಕೆ, ನಿನಗೆ ಅನುಕೂಲ ಆದಾಗ ಅನ್ನುವ ಹಾಗೆ. ಯೇಸು ‘ಆಯ್ತು, ನೆನೆಸಿಕೊಳ್ತೀನಿ’ ಅಂತ ಹೇಳಲೇ ಇಲ್ಲ. ಅವನ ಉತ್ತರದಲ್ಲಿ ಆ ಪದವೇ ಇಲ್ಲ. ಇವತ್ತೇ ನನ್ನ ಜೊತೆ ಇರುತ್ತೀಯ ಅಂದ.